ಚಾಂಪಿಯನ್ನರನ್ನು ಸೋಲಿಸಿದ ಮಾರನೆಯ ದಿನ

ತಿ. ನರಸೀಪುರದ ಒಂದು ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ನಂಜನಗೂಡಿಗೆ ಹೊರಟಾಗ, ಅವರು ಗೆದ್ದು ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಆ ಹುಡುಗಿಯರೂ ಅಂದುಕೊಂಡಿರಲಿಲ್ಲ. ಅಂತರ ಕಾಲೇಜು ಪಂದ್ಯಾವಳಿ ನಾಕೌಟ್ ಪದ್ಧತಿಯದು. ಸೋತವರು ಬ್ಯಾಗು ಹೆಗಲಿಗೇರಿಸಿ ಮಧ್ಯಾಹ್ನದ ಬಸ್ಸಿಗೇ ಊರು ಸೇರಬಹುದು. ತಂಡದ ನಾಯಕಿ ಧನುಶ್ರೀ ಬೆಳಿಗ್ಗೆ ತಗಡೂರಿನ ಮನೆಯಿಂದ ಹೊರಡುವಾಗ, "ಸಾಯಂಕಾಲ ನಾನೇ ಬಂದು ಮುದ್ದೆ ತೊಳಸ್ತೀನಿ, ನೀನು ಒಲೆ ಮುಂದೆ ಕೂರಬೇಡ" ಎಂದು ಅಜ್ಜಿ ಮಾದಮ್ಮನಿಗೆ ಹೇಳಿಯೇ ಬಂದಿದ್ದಳು.

ತಂಡದ ಸ್ಥಿತಿಯೇ ಹಾಗಿತ್ತು. ಅವರ ಕಾಲೇಜಿನ ಅಂಗಳದಲ್ಲಿ ಇದ್ದದ್ದು ಒಂದೇ ಬುಟ್ಟಿ. ಇನ್ನೊಂದು ಬುಟ್ಟಿಯ ಕಂಬ ಯಾವುದೋ ಬಿರುಗಾಳಿಗೆ ಮಲಗಿದ್ದು ಮತ್ತೆ ಎದ್ದಿರಲಿಲ್ಲ. ಹೀಗಾಗಿ ಅಭ್ಯಾಸದಲ್ಲಿ ಎರಡು ಪಂಗಡಗಳೂ ಅದೇ ಬುಟ್ಟಿಗೆ ಮುತ್ತಿಗೆ ಹಾಕುತ್ತಿದ್ದವು. ದೈಹಿಕ ಶಿಕ್ಷಣದ ಮೇಷ್ಟ್ರು ನಿವೃತ್ತರಾದ ಮೇಲೆ ತಂಡದ ಉಸ್ತುವಾರಿ ಬಿದ್ದದ್ದು ಇತಿಹಾಸದ ಹೇಮಲತಾ ಮೇಡಂ ಮೇಲೆ. ಅವರಿಗೆ ಚೆಂಡೆಂದರೆ ಭಯ. ಅದು ತಮ್ಮ ಕಡೆ ಉರುಳಿ ಬಂದರೂ ಕೊಡೆಯನ್ನು ಅಡ್ಡ ಹಿಡಿಯುತ್ತಿದ್ದರು. ಆದರೂ ಒಪ್ಪಿಕೊಂಡ ಕೆಲಸ ಎಂದು ರಾತ್ರಿ ಹೊತ್ತು ಮೊಬೈಲಿನಲ್ಲಿ ಆಟದ ವಿಡಿಯೋ ನೋಡಿ, ಬೆಳಿಗ್ಗೆ ಬಂದು, "ನೋಡ್ರೇ, ಚೆಂಡು ಹಿಡ್ಕೊಂಡು ಓಡೋದು ತಪ್ಪಂತೆ, ತಟ್ಕೊಂಡು ಓಡ್ಬೇಕಂತೆ" ಎಂದು ಹುಡುಗಿಯರಿಗೆ ಮೊದಲೇ ಗೊತ್ತಿದ್ದದ್ದನ್ನು ಶ್ರದ್ಧೆಯಿಂದ ಹೇಳಿಕೊಡುತ್ತಿದ್ದರು.

ನಂಜನಗೂಡಿನ ಮೈದಾನದಲ್ಲಿ ಎದುರಾಳಿ ಯಾರೆಂದು ತಿಳಿದಾಗ ಕವನ ಜೋರಾಗಿ ನಕ್ಕುಬಿಟ್ಟಳು. ತಂಡದಲ್ಲೇ ಕುಳ್ಳಿ, ಖೋ ಖೋ ಆಡಿ ಬೆಳೆದವಳು, ನಿದ್ದೆಯಲ್ಲಿ ಮಾತ್ರ ಬಾಯಿ ಮುಚ್ಚುವವಳು.

"ಚಂದ್ರಪ್ರಭಾ ಕಾಲೇಜಂತೆ ಕಣ್ರೇ! ಮೈಸೂರಿನವ್ರು. ವರ್ಷಾ ವರ್ಷ ಅವರೇ ಚಾಂಪಿಯನ್ನು. ಬನ್ರೇ, ಮೊದಲು ಬಸ್ ಸ್ಟ್ಯಾಂಡ್‌ಗೆ ಹೋಗಿ ಸೀಟು ಹಿಡಿಯಾನ."

ಚಂದ್ರಪ್ರಭಾದವರು ತಮ್ಮದೇ ಕಾಲೇಜು ಬಸ್ಸಿನಲ್ಲಿ ಬಂದಿಳಿದರು. ಒಂದೇ ಬಣ್ಣದ ಬ್ಯಾಗು, ಒಂದೇ ಬಣ್ಣದ ಶೂ, ಒಂದೇ ಅಳತೆಯಲ್ಲಿ ಎಳೆದು ಕಟ್ಟಿದ ಜುಟ್ಟು. ಅವರ ನಾಯಕಿ ದೇಚಮ್ಮ ಕೊಡಗಿನ ಹುಡುಗಿ. ಹಿಂದಿನ ವರ್ಷ ವಿಶ್ವವಿದ್ಯಾಲಯದ ತಂಡಕ್ಕೂ ಆಡಿದ್ದವಳು. ಅವಳು ಧನುಶ್ರೀಯ ಕೈ ಕುಲುಕಿ, "ಆಲ್ ದಿ ಬೆಸ್ಟ್, ಹೆದರ್ಕೋಬೇಡಿ" ಎಂದಳು. ಸೂಜಿ ಚುಚ್ಚಿಸಿಕೊಳ್ಳಲು ಕೂತ ಮಗುವಿಗೆ ನರ್ಸಮ್ಮ ಹೇಳುವ ದನಿ ಅದು. ಅಲ್ಲಿಯವರೆಗೆ ಹೆದರಿಕೊಂಡೇ ಇದ್ದ ಧನುಶ್ರೀಗೆ ಆ ದನಿ ಕೇಳಿ ಮೈಯೆಲ್ಲ ಉರಿಯಿತು.

ಪಂದ್ಯ ಶುರುವಾಗಿ ಇನ್ನೂ ಬೆವರು ಒಡೆದಿರಲಿಲ್ಲ. ನರಸೀಪುರದ ಪಲ್ಲವಿಗೆ ಚೆಂಡು ಸಿಕ್ಕಿತು. ಸುತ್ತ ಯಾರೂ ಇರಲಿಲ್ಲ. ಇಂಥ ಅವಕಾಶ ಮತ್ತೆ ಬಾರದೆಂದು ಅವಳು ಎದುರಿಗಿದ್ದ ಬುಟ್ಟಿಗೆ ಓಡಿ ಚೆಂದವಾಗಿ ಹಾಕಿದಳು. ಚೆಂಡು ಸೊಗಸಾಗಿ ಒಳಗಿಳಿಯಿತು. ಚಪ್ಪಾಳೆಯೂ ಬಿತ್ತು, ಆದರೆ ಚಂದ್ರಪ್ರಭಾ ಕಡೆಯಿಂದ. ಪಲ್ಲವಿ ಹಾಕಿದ್ದು ತಮ್ಮದೇ ಬುಟ್ಟಿಗೆ. ಅಂಕ ಎರಡು, ಚಂದ್ರಪ್ರಭಾದವರ ಲೆಕ್ಕಕ್ಕೆ.

"ಅಯ್ಯೋ, ಯಾವ ಕಡೆ ಅಂತ ಮರ್ತೇ ಹೋಯ್ತು ಕಣೇ" ಎಂದು ಪಲ್ಲವಿ ಮುಖ ಮುಚ್ಚಿಕೊಂಡಳು.

"ಒಂದೇ ಬುಟ್ಟೀಲಿ ಆಡಿ ಬೆಳೆದವ್ರಿಗೆ ಎರಡು ಕೊಟ್ರೆ ಇನ್ನೇನಾಯ್ತದೆ" ಎಂದಳು ಕವನ.

ಚಂದ್ರಪ್ರಭಾದ ಕೋಚ್ ನಕ್ಕು, ಒಳ್ಳೆಯ ಆಟಗಾರ್ತಿಯರನ್ನೆಲ್ಲ ಬೆಂಚಿನಲ್ಲಿ ಕೂರಿಸಿದರು. ನಾಳೆಯ ಸೆಮಿಫೈನಲ್ಲಿಗೆ ಅವರ ಕಾಲು ಹಗುರಾಗಿರಲಿ ಎಂದು. ದೇಚಮ್ಮನೂ ಕೂತಳು. ಆ ದಿನ ಚಂದ್ರಪ್ರಭಾ ಮಾಡಿದ ಮೊದಲ ತಪ್ಪು ಅದು. ಬದಲಿಗೆ ಬಂದವರು ಅರ್ಧ ಮನಸ್ಸಿನಿಂದ ಆಡಿದರು, ನರಸೀಪುರದವರು ಜೀವ ಬಿಟ್ಟು ಆಡಿದರು. ಎತ್ತರದ ಧನುಶ್ರೀ ಬುಟ್ಟಿಯ ಕೆಳಗೆ ನಿಂತು, ಬಿದ್ದ ಚೆಂಡನ್ನೆಲ್ಲ ಬಾಚಿ ಬಾಚಿ ಮೇಲಕ್ಕೆ ಹಾಕಿದಳು. ಅರ್ಧ ಸಮಯಕ್ಕೆ ಅಂತರ ಮೂರೇ ಅಂಕವಿತ್ತು. ಚಂದ್ರಪ್ರಭಾದ ಕೋಚ್‌ ಮುಖದ ನಗು ಹೋಗಿತ್ತು. ದೇಚಮ್ಮ ಎದ್ದು ಶೂ ಲೇಸು ಬಿಗಿದುಕೊಂಡಳು.

ಹೇಮಲತಾ ಮೇಡಂ ಹುಡುಗಿಯರನ್ನು ಕೊಡೆಯ ನೆರಳಿಗೆ ಕರೆದರು. ವಿಡಿಯೋದಲ್ಲಿ ಕಂಡ ಯಾವ ತಂತ್ರವೂ ಆ ಹೊತ್ತಿಗೆ ನೆನಪಾಗಲಿಲ್ಲ. "ಕವನಾ, ಆ ದೇಚಮ್ಮ ಎಲ್ಲಿ ಹೋದ್ರೂ ನೀನು ಹಿಂದೇನೇ ಹೋಗು. ಬೇರೆ ಏನೂ ಮಾಡ್ಬೇಡ" ಎಂದಷ್ಟೇ ಹೇಳಿದರು.

ಕವನ ಹಿಂದೆ ಹೋದಳು, ಜೊತೆಗೆ ಬಾಯಿಯನ್ನೂ ಕರೆದುಕೊಂಡು ಹೋದಳು.

"ಅಕ್ಕಾ, ನಿಮ್ ಶೂ ಎಲ್ಲಿ ತಗೊಂಡ್ರಿ? ಮೈಸೂರಲ್ಲಾ? ಮಡಿಕೇರಿ ಕಡೆ ಈಗ್ಲೂ ಅಷ್ಟೊಂದು ಚಳಿನಾ? ಅಕ್ಕಾ, ಎಡಗಡೆ ಓಡ್ತೀರಾ, ಬಲಗಡೆನಾ? ಹೇಳ್ಬುಟ್ರೆ ಇಬ್ರಿಗೂ ಸುಸ್ತು ಕಮ್ಮಿ."

ದೇಚಮ್ಮ ಮೊದಲು ಕೇಳಿಸದವಳಂತಿದ್ದಳು. ಆಮೇಲೆ ಹಲ್ಲು ಕಚ್ಚಿದಳು. ಕೊನೆಗೆ ರೆಫರಿ ನಟರಾಜ್ ಬಳಿ ಹೋಗಿ, "ಸರ್, ಇವಳು ಮಾತಾಡ್ತಾನೇ ಇದಾಳೆ" ಎಂದು ದೂರಿದಳು.

"ಬಯ್ತಾ ಇದಾಳಾ?" ಎಂದು ನಟರಾಜ್ ಕೇಳಿದರು.

"ಇಲ್ಲ ಸರ್. ಊಟ ಆಯ್ತಾ ಅಂತ ಕೇಳ್ತಿದಾಳೆ."

"ಅದಕ್ಕೆ ಫೌಲ್ ಕೊಡಕ್ಕಾಗಲ್ಲಮ್ಮ" ಎಂದು ನಟರಾಜ್ ಸೀಟಿ ಬಾಯಿಗಿಟ್ಟುಕೊಂಡರು.

ಚಾಂಪಿಯನ್ನರಿಗೆ ಇನ್ನೊಂದು ತೊಂದರೆಯೂ ಇತ್ತು. ಅವರು ಆಡಿ ಬೆಳೆದದ್ದು ಮರದ ನೆಲದ ಒಳಾಂಗಣದಲ್ಲಿ, ಗಾಜಿನ ಬೋರ್ಡಿನ ಮುಂದೆ. ಅಲ್ಲಿ ಬೋರ್ಡಿಗೆ ತಾಗಿಸಿದರೆ ಚೆಂಡು ತಾನೇ ಬುಟ್ಟಿಯೊಳಗೆ ಜಾರುತ್ತದೆ. ನಂಜನಗೂಡಿನ ಈ ಬಯಲ ಕೋರ್ಟಿನ ಹಳೆಯ ಮರದ ಬೋರ್ಡಿಗೆ ಚೆಂಡು ತಾಗಿದರೆ ದಪ್ಪನೆ ಸದ್ದು ಮಾಡಿ ಸತ್ತಂತೆ ಕೆಳಗೆ ಬೀಳುತ್ತಿತ್ತು. ನರಸೀಪುರದವರದ್ದೂ ಅಂಥದೇ ಬೋರ್ಡು. ಅವರು ಅದನ್ನು ನಂಬುವುದನ್ನು ಯಾವತ್ತೋ ಬಿಟ್ಟಿದ್ದರು. ಮೇಲೆ ಬಿಸಿಲು ಬೇರೆ. ಸಿಮೆಂಟು ನೆಲ ಶೂ ದಾಟಿ ಪಾದ ಸುಡುತ್ತಿತ್ತು. ಚಂದ್ರಪ್ರಭಾದ ಹುಡುಗಿಯರು ನೀರಿನ ಬಾಟಲಿ ಹುಡುಕಿ ಹುಡುಕಿ ಸುಸ್ತಾದರು.

ಕೊನೆಯ ನಿಮಿಷಕ್ಕೆ ನರಸೀಪುರ ಒಂದೇ ಅಂಕದಿಂದ ಹಿಂದಿತ್ತು. ಬುಟ್ಟಿಯ ಕಡೆ ನುಗ್ಗಿದ ಪಲ್ಲವಿಯ ಕೈಗೆ ಯಾರೋ ಹೊಡೆದರು. ನಟರಾಜ್ ಸೀಟಿ ಊದಿ ಎರಡು ಫ್ರೀ ಥ್ರೋ ಕೊಟ್ಟರು. ಪಲ್ಲವಿ ಗೆರೆಯ ಹಿಂದೆ ನಿಂತಳು. ಅವಳ ಫ್ರೀ ಥ್ರೋ ಎಲ್ಲರಂತಲ್ಲ. ಎರಡೂ ಕೈಯಲ್ಲಿ ಚೆಂಡನ್ನು ಮೊಣಕಾಲಿನ ಹತ್ತಿರಕ್ಕೆ ಇಳಿಸಿ, ಅಂಗಳಕ್ಕೆ ನೀರೆರಚುವಂತೆ ಕೆಳಗಿನಿಂದ ಮೇಲಕ್ಕೆ ಬಿಡುತ್ತಿದ್ದಳು. ಅದನ್ನು ನೋಡಿ ಮೈದಾನದ ಸುತ್ತ ನಿಂತವರೆಲ್ಲ ನಕ್ಕರು. ಚೆಂಡು ನಿಧಾನವಾಗಿ ಮೇಲೇರಿ ಬುಟ್ಟಿಯೊಳಗೆ ಬಿತ್ತು. ಎರಡನೆಯ ಸಲ ನಕ್ಕವರು ಕಡಿಮೆ. ಆ ಚೆಂಡೂ ಬಿತ್ತು.

ಈಗ ಒಂದು ಅಂಕ ಮುಂದೆ. ಚಂದ್ರಪ್ರಭಾದವರು ದೇಚಮ್ಮನಿಗೆ ಚೆಂಡು ಕೊಟ್ಟರು. ಅವಳು ಕವನಳನ್ನು ತಪ್ಪಿಸಿಕೊಂಡು ಓಡಿ, ಅಭ್ಯಾಸಬಲದಿಂದ ಬೋರ್ಡಿಗೇ ತಾಗಿಸಿ ಹೊಡೆದಳು. ಬೋರ್ಡು ದಪ್ಪೆಂದಿತು. ಕೆಳಗೆ ಬಿದ್ದ ಚೆಂಡನ್ನು ಧನುಶ್ರೀ ಎರಡೂ ಕೈಯಿಂದ ಎದೆಗವಚಿಕೊಂಡು ಬಗ್ಗಿ ನಿಂತಳು. ಸೀಟಿ ಊದಿದ್ದು ಅವಳಿಗೆ ಕೇಳಲಿಲ್ಲ. "ಬಿಡೇ, ಮುಗೀತು ಕಣೇ, ಗೆದ್ವು ಕಣೇ" ಎಂದು ಕವನ ಚೆಂಡನ್ನು ಕಿತ್ತುಕೊಳ್ಳಬೇಕಾಯಿತು.

ಗೆದ್ದ ಮೇಲೆ ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಪಲ್ಲವಿ ಅತ್ತಳು. ಹೇಮಲತಾ ಮೇಡಂ ಬಿಚ್ಚಿದ ಕೊಡೆ ಹಿಡಿದೇ ಕೋರ್ಟಿನೊಳಕ್ಕೆ ಓಡಿ ಬಂದರು. ಚೆಂಡನ್ನು ಮೊದಲ ಬಾರಿಗೆ ಕೈಯಲ್ಲಿ ಹಿಡಿದು, "ಎಷ್ಟು ಭಾರ ಇದೆಯಲ್ರೇ ಇದು!" ಎಂದರು.

ಮಧ್ಯಾಹ್ನದ ಬಸ್ಸು ಹತ್ತುವ ಹೊತ್ತಿಗೆ ಸುದ್ದಿ ಎಲ್ಲ ಮೊಬೈಲುಗಳನ್ನೂ ಸುತ್ತಿ ಮುಗಿಸಿತ್ತು. ಕವನ ತಂಡದ ಫೋಟೋ ಹಾಕಿ ಕೆಳಗೆ ಬೆಂಕಿ, ಕಿರೀಟ, ಸಿಂಹ ಎಲ್ಲ ಅಂಟಿಸಿದಳು. ಕಾಲೇಜಿನ ಪ್ರಿನ್ಸಿಪಾಲರು ಫೋನ್ ಮಾಡಿ, ಕಪ್ ಇಡಲು ತಮ್ಮ ಕೊಠಡಿಯ ಗಾಜಿನ ಬೀರು ಖಾಲಿ ಮಾಡಿಸುತ್ತಿರುವುದಾಗಿ ಹೇಳಿದರು. ಇನ್ನೂ ಸೆಮಿಫೈನಲ್, ಫೈನಲ್ ಎರಡೂ ಇವೆ ಎಂದು ಅವರಿಗೆ ನೆನಪಿಸುವ ಮನಸ್ಸು ಯಾರಿಗೂ ಬರಲಿಲ್ಲ.

ತಗಡೂರಿನಲ್ಲಿ ಮಾದಮ್ಮ ಮುದ್ದೆ ತಾನೇ ತೊಳಸಿಟ್ಟು ಜಗುಲಿಯಲ್ಲಿ ಕಾಯುತ್ತಿದ್ದಳು.

"ಮೈಸೂರಿನವ್ರಿಗೇ ಸೋಲುಸ್ಬುಟ್ರಂತಲ್ಲವ್ವಾ! ನಿಮ್ಮಪ್ಪ ಆಪೀಸಿಂದ ಪೋನ್ ಮಾಡಿ ಏಳ್ದ. ನಾಳಿಕ್ಕೆ ನಾನೂ ಬತ್ತೀನಿ."

"ನಾಳೆ ಎದುರಿಗೆ ಸಣ್ಣ ತಂಡ ಅಜ್ಜಿ. ಹುಲ್ಲಹಳ್ಳಿ ಕಡೆ ಕಾಲೇಜು. ಇವತ್ತು ಬರಬೇಕಿತ್ತು ನೀನು."

"ಸಣ್ಣದೋ ದೊಡ್ಡದೋ, ನೀನು ಗೆಲ್ಲದು ನಾನು ನೋಡ್ಬೇಕು. ಬಸ್ ಫ್ರೀ ಅದೆ, ಬೀದಿಯೋರ್ನೆಲ್ಲ ಕರ್ಕ ಬತ್ತೀನಿ."

ಹೇಳಿದಂತೆಯೇ ಮಾಡಿದಳು. ಮಾರನೆಯ ದಿನ ಬೆಳಿಗ್ಗೆ ಬಸ್ಸಿನಿಂದ ಮಾದಮ್ಮನ ಹಿಂದೆ ಅವಳ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಒಬ್ಬರ ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಇನ್ನೊಬ್ಬರ ಕೈಯಲ್ಲಿ ಕಜ್ಜಾಯದ ಚೀಲ, ಮತ್ತೊಬ್ಬರ ಬಳಿ ಗೆದ್ದ ಮೇಲೆ ಹಾಕಲೆಂದು ಚೆಂಡು ಹೂವಿನ ಹಾರ. ಕೋರ್ಟಿನ ಪಕ್ಕದ ಹೊಂಗೆ ಮರದ ನೆರಳು ಪೂರಾ ಅವರದಾಯಿತು.

ಎದುರಾಳಿ ತಂಡ ಬಂದಾಗ ಧನುಶ್ರೀ ಎಣಿಸಿ ನೋಡಿದಳು. ಐದೇ ಜನ. ಆಡಲು ಐದು ಜನ ಬೇಕು, ಸರಿ. ಬದಲಿ ಆಟಗಾರ್ತಿ ಅನ್ನುವವಳೇ ಇಲ್ಲ. ಅವರ ಮೇಷ್ಟ್ರು ಚಿಕ್ಕಸ್ವಾಮಿ ಸ್ಕೂಟರಿನ ಮುಂದೆ ನೀರಿನ ಕ್ಯಾನ್ ಇಟ್ಟುಕೊಂಡು ಬಂದಿದ್ದರು.

"ಆರನೇದವಳ ಅಕ್ಕಂಗೆ ಇವತ್ತು ನಿಶ್ಚಿತಾರ್ಥ ಕಣ್ರೀ ಮೇಡಮ್ಮೋರೇ. ಸೆಮಿಫೈನಲ್‌ಗೆ ಬತ್ತೀವಿ ಅಂತ ನಾವೇನು ಕನಸು ಕಂಡಿದ್ವಾ? ನಿನ್ನೆ ಎದುರು ತಂಡದ ಬಸ್ಸು ಕೆಟ್ಟು ಅವರು ಬರಲೇ ಇಲ್ಲ, ನಾವು ಗೆದ್ದೋ ಅಂತ ಬರ್ಕೊಂಡ್ರು" ಎಂದು ಅವರು ಹೇಮಲತಾ ಮೇಡಂ ಮುಂದೆ ಸಂಕೋಚದಿಂದ ಹೇಳಿಕೊಂಡರು.

ಧನುಶ್ರೀ ತನ್ನ ತಂಡವನ್ನು ಹತ್ತಿರ ಕರೆದು ಪಿಸುಗುಟ್ಟಿದಳು. "ಜಾಸ್ತಿ ಅಂಕ ಹೊಡೆಯೋದು ಬೇಡ ಕಣ್ರೇ. ಪಾಪ, ಐದೇ ಜನ ಇದಾರೆ." ಆಮೇಲೆ ಎದುರು ತಂಡದ ನಾಯಕಿ ಮಾದೇವಿಯ ಕೈ ಕುಲುಕಿ, "ಆಲ್ ದಿ ಬೆಸ್ಟ್" ಎಂದು ನಗುತ್ತ ಹೇಳಿದಳು. ಮಾದೇವಿ ಗುಂಡಗಿದ್ದ ಹುಡುಗಿ. ನಗಲಿಲ್ಲ. "ಹೂಂ" ಎಂದಳು.

ಮಾದೇವಿಯ ತಂಡ ಆಡಿದ್ದು ನರಸೀಪುರದವರು ಹಿಂದೆಂದೂ ಕಂಡಿರದ ಆಟ. ಅವರು ಓಡಲೇ ಇಲ್ಲ. ಬದಲಿ ಇಲ್ಲದ ಕಾರಣ ಉಸಿರು ಉಳಿಸಬೇಕಿತ್ತು. ಚೆಂಡನ್ನು ಒಬ್ಬಳು ಇನ್ನೊಬ್ಬಳಿಗೆ, ಅವಳು ಮತ್ತೊಬ್ಬಳಿಗೆ, ನಿಯಮ ಕೊಟ್ಟ ಸಮಯವೆಲ್ಲ ತಿಂದು, ನಟರಾಜ್ ಕೈ ಬೀಸಿ ಎಣಿಸಲು ಶುರು ಮಾಡಿದಾಗ ಮಾತ್ರ ಬುಟ್ಟಿಗೆ ಹೊಡೆಯುತ್ತಿದ್ದರು. ಬಿದ್ದರೆ ಬಿತ್ತು, ಇಲ್ಲದಿದ್ದರೆ ಐದೂ ಜನ ನಡೆದುಕೊಂಡೇ ಹಿಂದಕ್ಕೆ ಬಂದು ತಮ್ಮ ಬುಟ್ಟಿಯ ಮುಂದೆ ಬೇಲಿಯಂತೆ ನಿಲ್ಲುತ್ತಿದ್ದರು. ಮಾದೇವಿ ನಡುವಿನ ಗೂಟ. ಅವಳಿಗೆ ಡಿಕ್ಕಿ ಹೊಡೆದವರು ತಾವೇ ಬೀಳುತ್ತಿದ್ದರು, ಫೌಲೂ ಅವರ ಮೇಲೆಯೇ ಬರುತ್ತಿತ್ತು.

ಕವನ ಮಾದೇವಿಯ ಬೆನ್ನು ಹತ್ತಿ ಮಾತಿಗೆ ಶುರುವಿಟ್ಟಳು. "ಅಕ್ಕಾ, ತಿಂಡಿ ಆಯ್ತಾ?"

"ಆಯ್ತು. ನಿಂದು?"

"ನಂದೂ ಆಯ್ತು. ಏನು ತಿಂದ್ರಿ?"

"ಇಡ್ಲಿ. ಬೆಳಿಗ್ಗೆ ಇಲ್ಲಿ ಓಟ್ಲಲ್ಲಿ ತಿಂದ್ವಿ. ಚಟ್ನಿ ಚೆನ್ನಾಗಿತ್ತು. ನಮ್ಮ ಮನೇಲಿ ಕಡ್ಲೆ ಜಾಸ್ತಿ ಹಾಕ್ತಾರೆ, ಇಲ್ಲಿ ಕಾಯೇ ಜಾಸ್ತಿ. ನಿಮ್ಮನೇಲಿ ಹೆಂಗೆ ಮಾಡ್ತಾರೆ?"

ಕವನ ಉತ್ತರ ಯೋಚಿಸುತ್ತಿದ್ದಳು. ಅಷ್ಟರಲ್ಲಿ ಮಾದೇವಿ ಅವಳ ಪಕ್ಕದಿಂದ ಜರುಗಿ ಚೆಂಡು ಹಿಡಿದು ಬುಟ್ಟಿಗೆ ಹಾಕಿ ಆಗಿತ್ತು.

ಅರ್ಧ ಸಮಯದ ಹೊತ್ತಿಗೆ ನರಸೀಪುರ ಆರು ಅಂಕ ಹಿಂದೆ. ಧನುಶ್ರೀ ಎಲ್ಲರನ್ನೂ ಹತ್ತಿರ ಕರೆದಳು. "ಇನ್ನು ಪಾಪ ಗೀಪ ಏನಿಲ್ಲ, ಹೊಡೀರಿ" ಎಂದಳು. ಆದರೆ ಹೊಡೆಯಬೇಕೆಂದಾಗ ಚೆಂಡು ಬೀಳಲಿಲ್ಲ. ಆತುರಕ್ಕೆ ಪಾಸುಗಳು ಹೊರಗೆ ಹೋದವು. ಫ್ರೀ ಥ್ರೋ ಸಿಕ್ಕಾಗ ಪಲ್ಲವಿಯ ಸುತ್ತ ಮೊಬೈಲುಗಳೆದ್ದವು. ನಿನ್ನೆಯ ಕೆಳಗೈ ಹೊಡೆತದ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಯಾರೋ "ಮೇಡಂ, ಸ್ವಲ್ಪ ಈ ಕಡೆ ತಿರುಗಿ" ಎಂದರು. ಪಲ್ಲವಿ ನಿಜವಾಗಿಯೂ ಸ್ವಲ್ಪ ಆ ಕಡೆ ತಿರುಗಿದಳು. ಚೆಂಡು ಬುಟ್ಟಿಯ ಮೇಲೆ ಹಾದು ಚಿತ್ರಾನ್ನದ ಡಬ್ಬಿಯ ಪಕ್ಕ ಬಿತ್ತು.

ನಾಲ್ಕು ಅಂಕಗಳಿಂದ ನರಸೀಪುರ ಸೋತಿತು. ಗೆದ್ದ ಐವರು ಕುಣಿಯಲಿಲ್ಲ. ಅಲ್ಲೇ ಕೋರ್ಟಿನ ಮೇಲೆ ಕಾಲು ಚಾಚಿ ಕೂತರು. ಚಿಕ್ಕಸ್ವಾಮಿ ಒಬ್ಬೊಬ್ಬರ ತಲೆಯ ಮೇಲೂ ಕ್ಯಾನಿನಿಂದ ನೀರು ಸುರಿದರು, ಆಮೇಲೆ ತಮ್ಮ ತಲೆಯ ಮೇಲೂ ಸುರಿದುಕೊಂಡರು.

ಹೊಂಗೆ ಮರದ ಕೆಳಗೆ ಮಾದಮ್ಮ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದಳು. ಧನುಶ್ರೀ ಹತ್ತಿರ ಹೋಗಿ ನಿಂತಳು.

"ಅಜ್ಜಿ, ನಾವು ಸೋತ್ವಿ."

"ಅಂಗಾ? ಗೆದ್ದೋರು ನೀವಲ್ವಾ?" ಮಾದಮ್ಮ ಚಪ್ಪಾಳೆ ನಿಲ್ಲಿಸಿದಳು. "ಅಯ್ಯೋ, ನಾನು ಆ ಐದ್ ಉಡ್ಗೀರು ಆಡದ ನೋಡ್ಕಂಡು ಕುಂತ್ಬುಟ್ಟೆ ಕಣವ್ವಾ. ಪಾಪ, ಎಂಗಾಡುದ್ರು!"

ಪಕ್ಕದ ಮನೆಯ ಗುರುಬಸಮ್ಮ ಹಾರವನ್ನು ಮೆಲ್ಲನೆ ಚೀಲದೊಳಕ್ಕೆ ತಳ್ಳುತ್ತ, "ಅಲ್ಲ ಕಣಮ್ಮಿ, ಇವರ ಕೈಲಿ ಸೋತೋರು ನಿನ್ನೆ ಮೈಸೂರಿನವರನ್ನ ಎಂಗೆ ಗೆದ್ರಿ? ನಿಜವಾಗ್ಲೂ ಗೆದ್ರಾ, ಇಲ್ಲ ಪೋನಲ್ಲಿ ಸುಮ್ನೆ ಆಕ್ಕಂಡ್ರಾ?" ಎಂದಳು.

ಉಳಿದ ಹೆಂಗಸರೂ ಅದೇ ಅನುಮಾನದಲ್ಲಿ ಧನುಶ್ರೀಯ ಮುಖ ನೋಡಿದರು. ಅವಳಿಗೆ ಸೋತದ್ದಕ್ಕಿಂತ ಇದು ಹೆಚ್ಚು ಕುಟುಕಿತು. ಗೆದ್ದ ದಿನ ಮನೆಯವರು ಒಬ್ಬರೂ ಇರಲಿಲ್ಲ, ಸೋತ ದಿನ ಇಡೀ ಬೀದಿ ಬಂದು ಕೂತಿದೆ. ಏನೆಂದು ಪ್ರಮಾಣ ಮಾಡುವುದು?

"ನಿಜವಾಗ್ಲೂ ಗೆದ್ರು ಅಜ್ಜಿ" ಎಂದು ಹಿಂದಿನಿಂದ ದನಿ ಬಂತು.

ತಿರುಗಿದರೆ ದೇಚಮ್ಮ. ಸಂಜೆ ಅದೇ ಮೈದಾನದಲ್ಲಿ ವಿಶ್ವವಿದ್ಯಾಲಯ ತಂಡದ ಆಯ್ಕೆ ಇದ್ದುದರಿಂದ ಅವಳೊಬ್ಬಳೇ ಮೈಸೂರಿನಿಂದ ಬಂದಿದ್ದಳು. ಇವರ ಪಂದ್ಯವನ್ನು ಹಿಂದೆ ನಿಂತು ನೋಡಿದ್ದಳು.

"ನಾನೇ ಸೋತಿದ್ದು. ನಾನು ಆ ತಂಡದ ಕ್ಯಾಪ್ಟನ್. ನಿಮ್ಮ ಮೊಮ್ಮಗಳು ಕೊನೇಲಿ ಚೆಂಡು ಹಿಡ್ಕೊಂಡು ಬಿಡಲೇ ಇಲ್ಲ. ಮತ್ತೆ ಇವಳು," ಎಂದು ಕವನಳ ಕಡೆ ಕೈ ತೋರಿಸಿದಳು, "ಇವಳ ದನಿ ರಾತ್ರಿಯೆಲ್ಲ ನನ್ನ ಕಿವೀಲಿ ಇತ್ತು. ಊಟಕ್ಕೆ ಕೂತ್ರೆ ಊಟ ಆಯ್ತಾ ಅಂತ ಕೇಳ್ದಂಗಾಯ್ತು."

ಹೆಂಗಸರೆಲ್ಲ ಘೊಳ್ಳೆಂದರು. ಮಾದಮ್ಮ ದೇಚಮ್ಮನನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ನಿಂಗೂ ಸೋಲುಸ್ಬುಟ್ರಾ ಮಗಾ? ಕುತ್ಕೊ, ಕಜ್ಜಾಯ ತಿನ್ನು. ಗೆದ್ದೋರ್ಗೆ ಅಂತ ಮಾಡ್ದೋ, ಸೋತೋರು ತಿಂದ್ರೆ ಬ್ಯಾಡ ಅಂತದಾ?"

ಧನುಶ್ರೀಯೂ ಕೂತಳು. ಬಾಯಲ್ಲಿ ಕಜ್ಜಾಯ ಇಟ್ಟುಕೊಂಡೇ ಕೇಳಿದಳು. "ನಿನ್ನೆ ನಿಮಗೆ ಹಿಂಗೇ ಆಯ್ತಾ? ಇದೇನು ನಡೀತಾ ಇದೆ ಅಂತ ಗೊತ್ತಾಗೋದ್ರೊಳಗೆ ಮುಗಿದೇ ಹೋಯ್ತು ಅನ್ನೋ ಥರ?"

"ಹಂಗೇ" ಎಂದಳು ದೇಚಮ್ಮ. "ವಾಪಸ್ ಹೋಗ್ತಾ ಬಸ್ಸಲ್ಲಿ ನಿಮ್ಮನ್ನ ಬೈಯೋಣ ಅಂದ್ರೆ ಬೈಯೋಕೆ ಏನೂ ಸಿಗಲಿಲ್ಲ."

ಆಗ ಮಾದಮ್ಮ ಎದ್ದು, ಉಳಿದ ಕಜ್ಜಾಯದ ಚೀಲ ಎತ್ತಿಕೊಂಡು ಕೋರ್ಟಿನ ಆಚೆ ಕೂತಿದ್ದ ಐವರ ಬಳಿಗೆ ಹೋದಳು. ತುಸು ಹೊತ್ತಿಗೆ ಅವರೂ ಹೊಂಗೆ ಮರದ ಕೆಳಗೆ ಬಂದರು. ಚಿತ್ರಾನ್ನ ಎಲ್ಲರಿಗೂ ಸಾಲಲಿಲ್ಲ. ಚಿಕ್ಕಸ್ವಾಮಿ ಸ್ಕೂಟರ್ ಹತ್ತಿ ಹೋಗಿ ಬಾಳೆಹಣ್ಣಿನ ಗೊನೆಯನ್ನೇ ತಂದರು. ನಂಜನಗೂಡಿಗೆ ಹೆಸರು ತಂದ ರಸಬಾಳೆ ಅಲ್ಲ, ಅದು ಎಲ್ಲೂ ಸಿಗಲಿಲ್ಲವೆಂದು ಪೇಚಾಡಿಕೊಂಡರು.

ಮಧ್ಯಾಹ್ನದ ಫೈನಲ್ಲಿನಲ್ಲಿ ಆ ಐವರ ಪರವಾಗಿ ಇಡೀ ತಗಡೂರಿನ ಬೀದಿ, ನರಸೀಪುರದ ತಂಡ, ಮೈಸೂರಿನ ದೇಚಮ್ಮ ಎಲ್ಲರೂ ಸೇರಿ ಕೂಗಿದರು. ಹೇಮಲತಾ ಮೇಡಂ ಎಷ್ಟು ಕೂಗಿದರೆಂದರೆ ನಟರಾಜ್ ಬಂದು ಕೊಡೆ ಮಡಿಸಿ ಹಿಂದೆ ಸರಿಯಲು ಹೇಳಬೇಕಾಯಿತು. ಆದರೆ ಬೆಳಿಗ್ಗೆಯ ಪಂದ್ಯದಲ್ಲೇ ಕಾಲುಗಳ ಶಕ್ತಿ ಮುಗಿದಿತ್ತು. ನಡುವೆ ಒಬ್ಬಳು ಐದು ಫೌಲಾಗಿ ಹೊರಗೆ ಬಂದಳು. ನಾಲ್ವರೇ ಆಡಿದರು. ದೊಡ್ಡ ಅಂತರದಿಂದ ಸೋತರು. ಮಾದೇವಿ ಹೊರಗೆ ಬಂದು ಮಾದಮ್ಮನ ಪಕ್ಕ ಧೊಪ್ಪನೆ ಕೂತು, "ಇನ್ನೂ ಕಜ್ಜಾಯ ಅದಾ ಅಜ್ಜಿ?" ಎಂದಳು.

ಸಂಜೆ ಆಯ್ಕೆಗೆ ಕರೆದವರಲ್ಲಿ ದೇಚಮ್ಮನ ಜೊತೆ ಧನುಶ್ರೀ, ಮಾದೇವಿ ಇಬ್ಬರ ಹೆಸರೂ ಇದ್ದವು. ಮೂವರನ್ನೂ ಒಂದೇ ಕಡೆ ಆಡಿಸಿದರು. ದೇಚಮ್ಮ ಓಡಿದಳು, ಮಾದೇವಿ ಗೂಟದಂತೆ ನಿಂತಳು, ಧನುಶ್ರೀ ಬಿದ್ದದ್ದನ್ನೆಲ್ಲ ಬಾಚಿಕೊಂಡಳು. ಮೂವರಿಗೂ ಮೈಸೂರಿನ ಶಿಬಿರಕ್ಕೆ ಬರಲು ಹೇಳಿದರು. ಕವನಳನ್ನು ಕರೆಯಲಿಲ್ಲ. ಅವಳು ಬಹಳ ಹೊತ್ತು ಮುಖ ಊದಿಸಿಕೊಂಡಿದ್ದಳು. ದೇಚಮ್ಮ ಹೊರಡುವಾಗ ತಾನಾಗಿ ಬಂದು ಅವಳ ನಂಬರ್ ತೆಗೆದುಕೊಂಡ ಮೇಲೆ ಸರಿಹೋದಳು.

ತಗಡೂರಿನ ಮೇಲೆ ನರಸೀಪುರಕ್ಕೆ ಹೋಗುವ ಬಸ್ಸಿಗೆ ಅಷ್ಟೂ ಜನ ಹತ್ತಿದರು. ಹೇಮಲತಾ ಮೇಡಂ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು. ಮಾದಮ್ಮನ ಪಕ್ಕದಲ್ಲಿ ಅಪರಿಚಿತ ಹೆಂಗಸೊಬ್ಬಳು ಕೂತಿದ್ದಳು. ಸಂತೆ ಮುಗಿಸಿ ಬಂದವಳು, ಮಡಿಲಲ್ಲಿ ಸೊಪ್ಪಿನ ಗಂಟು. ಇಷ್ಟೊಂದು ಹುಡುಗಿಯರು ಎಲ್ಲಿಂದ ಎಂದು ಅವಳು ಕೇಳಿದಳು.

"ಬಾಲಾಟಕ್ಕೆ ಬಂದಿದ್ದೋ ಕಣವ್ವಾ" ಎಂದು ಮಾದಮ್ಮ ಸೆರಗು ಸರಿಮಾಡಿಕೊಂಡು ಅವಳ ಕಡೆ ತಿರುಗಿದಳು. "ನೆನ್ನೆ ನೀನು ನೋಡ್ಬೇಕಿತ್ತು. ಮೈಸೂರಿನೋರು ಬಂದಿದ್ರು, ಆಳುದ್ದ ಆಳುದ್ದ ಉಡ್ಗೀರು. ನನ್ ಮೊಮ್ಮಗಳು ಇಂಗೆ ಚೆಂಡು ಕಿತ್ಕಂಡು ಇಂಗೆ ಓಡುದ್ಲು ನೋಡು, ಐದಾರು ಜನ ಹಿಂದಿಂದೆ ಬಿದ್ರು…"

ಮುಂದಿನ ಸೀಟಿನಲ್ಲಿದ್ದ ಧನುಶ್ರೀ ಕಿವಿಗೊಟ್ಟಳು. ಅವಳು ಎಲ್ಲಿಗೂ ಓಡಿರಲಿಲ್ಲ, ಚೆಂಡು ಅವಚಿಕೊಂಡು ಬಗ್ಗಿ ನಿಂತಿದ್ದಳಷ್ಟೆ. ಮಾದಮ್ಮನಂತೂ ನಿನ್ನೆ ನಂಜನಗೂಡಿನಲ್ಲೇ ಇರಲಿಲ್ಲ. ಬಾಯಿ ತೆರೆಯಬೇಕೆಂದಿದ್ದವಳು, ಅಜ್ಜಿಯ ಕೈಗಳು ಗಾಳಿಯಲ್ಲಿ ಚೆಂಡು ಹಿಡಿದು ಎತ್ತುವುದನ್ನು ನೋಡಿ ಸುಮ್ಮನಾದಳು. ಸೊಪ್ಪಿನ ಹೆಂಗಸು "ಆಮೇಲೆ?" ಎಂದು ಕೇಳಿದಳು.